ಮಂಗಳದವರು ಗಜೇಂದ್ರಗಡಕ್ಕೆ ಬಂದರೆ?

ಬೇರೆ ಗ್ರಹದ ಜೀವಿಗಳು ಭೂಮಿಗೆ ಬಂದರೆ ಮೊದಲು ಎಲ್ಲಿ ಇಳಿಯಬಹುದು? ಮಕ್ಕಳನ್ನು ಕೇಳಿದರೆ ಥಟ್ಟನೆ ಬರುವ ಉತ್ತರ ನ್ಯೂಯಾರ್ಕ್. ಸಿನಿಮಾ ಕಲಿಸಿದ ಪಾಠ ಅದು. ಆದರೆ ಇಂಥ ಕಥೆಗಳಿಗೆ ದಾರಿ ಹಾಕಿಕೊಟ್ಟ ಎಚ್.ಜಿ. ವೆಲ್ಸ್, 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳದವರನ್ನು ಲಂಡನ್ನಿನಲ್ಲಿ ಇಳಿಸಲಿಲ್ಲ. ತಾವು ವಾಸವಾಗಿದ್ದ ವೋಕಿಂಗ್ ಎಂಬ ಪುಟ್ಟ ಊರಿನ ಬಯಲಿನಲ್ಲಿ ಇಳಿಸಿದರು. ಸೈಕಲ್ ಏರಿ ಸುತ್ತಾಡುತ್ತ, ಊರಿನ ಯಾವ ಯಾವ ಜಾಗ ಧ್ವಂಸವಾಗಬೇಕೆಂದು ಗುರುತು ಮಾಡಿಕೊಂಡರು!

ಹಾಗಾದರೆ ಗಜೇಂದ್ರಗಡದ ಗುಡ್ಡ ಏಕಾಗಬಾರದು? ಅಲ್ಲಿ ಕೋಟೆ ಇದೆ. ಸುತ್ತ ಗಾಳಿಯಿಂದ ವಿದ್ಯುತ್ ಮಾಡುವ ಎತ್ತರದ ಯಂತ್ರಗಳಿವೆ. ಮೇಲಿನಿಂದ ನೋಡುವವರಿಗೆ ಮೂರು ಕೈ ಬೀಸುತ್ತ ನಿಂತ ಅವೇ ಇಲ್ಲಿನ ನಿವಾಸಿಗಳೆಂದು ತೋರಿದರೂ ಅಚ್ಚರಿಯಿಲ್ಲ.

ನರಗುಂದದ ಓದುಗರಿಗಂತೂ 'ಡ್ಯೂನ್' ಬೇಗ ಅರ್ಥವಾದೀತು. ಅಮೆರಿಕದ ಫ್ರಾಂಕ್ ಹರ್ಬರ್ಟ್ 1957ರಲ್ಲಿ ಆರೆಗಾನ್ ಕರಾವಳಿಗೆ ಹೋದದ್ದು, ಸರಿದಾಡುವ ಮರಳುದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವ ಸರ್ಕಾರಿ ಯೋಜನೆಯ ಮೇಲೊಂದು ಲೇಖನ ಬರೆಯಲು. ಆ ಲೇಖನ ಪ್ರಕಟವಾಗಲೇ ಇಲ್ಲ. ಅದಕ್ಕೆಂದು ಶುರುವಾದ ಓದು ಬೆಳೆದು 1965ರಲ್ಲಿ ಕಾದಂಬರಿಯಾಯಿತು. ಅದರಲ್ಲಿ ಬರುವ ಮರಳುಗ್ರಹದ ಜನ ತಮ್ಮ ಬೆವರು, ಉಸಿರಿನ ತೇವವನ್ನೂ ವಿಶೇಷ ಉಡುಪಿನಲ್ಲಿ ಹಿಡಿದು ಮತ್ತೆ ಕುಡಿಯುತ್ತಾರೆ. ಸತ್ತವರಿಗಾಗಿ ಅಳುವುದೆಂದರೆ ಅವರಿಗೆ ನೀರನ್ನೇ ದಾನ ಕೊಟ್ಟಂತೆ. 1980ರಲ್ಲಿ ಮಲಪ್ರಭಾ ನೀರಾವರಿ ಕರದ ವಿರುದ್ಧ ರೈತರು ಬೀದಿಗಿಳಿದ ಊರು ನರಗುಂದ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕುಳಿತ ಊರೂ ಅದೇ. ಇಲ್ಲಿನ ಮಕ್ಕಳಿಗೆ ಈ ಕಥೆಯ ಟಿಪ್ಪಣಿ ಯಾರೂ ಬರೆದುಕೊಡಬೇಕಿಲ್ಲ.

ಕನ್ನಡದಲ್ಲಿ ಈ ಪ್ರಕಾರಕ್ಕೆ ದುಡಿದವರಲ್ಲಿ ಮುಖ್ಯರು ರಾಜಶೇಖರ ಭೂಸನೂರಮಠ. ಭೂಸನೂರಮಠ ಎಂದರೆ ರೋಣದ ಹಿರಿಯರಿಗೆ ನೆನಪಾಗುವವರು ನಿಡಗುಂದಿಯಲ್ಲಿ ಹುಟ್ಟಿದ ವಚನ ವಿದ್ವಾಂಸ ಸಂ.ಶಿ. ಭೂಸನೂರಮಠ. ರಾಜಶೇಖರರದು 'ಆಪರೇಷನ್ ಯು.ಎಫ್.ಓ.'ದಂಥ ಕೃತಿಗಳ ಲೋಕ. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರದೂ ಸಂಜಯ ಹಾವನೂರರದೂ ಕಥೆಗಳಿವೆ.

ಅದೇ ಸಂಕಲನದಲ್ಲಿರುವ ಇನ್ನೊಬ್ಬರು, ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ನಾರಳೀಕರ. ಕಥೆಪುಸ್ತಕ ಹಿಡಿದ ಮಕ್ಕಳನ್ನು ಗದರುವ ತಂದೆತಾಯಿಯರು ಇವರ ಪ್ರಸಂಗ ಕೇಳಬೇಕು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಪ್ಪುಕುಳಿಯ ಮೇಲೆ ಕಥೆ ಬರೆದ ಅವರು, ದೊಡ್ಡ ಹೆಸರು ನೋಡಿ ಬಹುಮಾನ ಕೊಟ್ಟಾರೆಂದು ತಮ್ಮ ಇನಿಷಿಯಲ್‌ಗಳನ್ನು ತಿರುವುಮುರುವು ಮಾಡಿ 'ನಾರಾಯಣ ವಿನಾಯಕ ಜಗತಾಪ' ಆದರು. ಅಕ್ಷರದ ಗುರುತೂ ಸಿಗದಿರಲೆಂದು ಪತ್ನಿಯಿಂದ ಪ್ರತಿ ಮಾಡಿಸಿದರು. ಮೊದಲ ಬಹುಮಾನ ಜಗತಾಪರಿಗೇ ಬಂತು!

ಆದರೆ ಕಥೆ ಬರೆದರೆ ಸಾಲದು, ಅದಕ್ಕೊಂದು ಪತ್ರಿಕೆಯೂ ಬೇಕು. ಚೀನದ ಲಿಯು ಸಿಶಿನ್ ಗುಡ್ಡಗಾಡಿನ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದರು. ಚೆಂಗ್ಡು ನಗರದಿಂದ ಬರುವ, ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮಾಸಿಕವೊಂದು ಅವರ ಕಥೆಗಳನ್ನು ಅಚ್ಚು ಮಾಡಿತು. 2006ರಲ್ಲಿ ಅಲ್ಲಿ ಧಾರಾವಾಹಿಯಾದ 'ದಿ ತ್ರೀ ಬಾಡಿ ಪ್ರಾಬ್ಲಮ್' ಇಂಗ್ಲಿಷಿಗೆ ಬಂದು, 2015ರಲ್ಲಿ ಈ ಪ್ರಕಾರದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ ಇಂಥ ಕಥೆಗಳು ವಾರಪತ್ರಿಕೆ, ಮಾಸಿಕಗಳಲ್ಲಿ ಉಳಿದ ಕಥೆಗಳ ನಡುವೆ ಜಾಗ ಹುಡುಕಿಕೊಂಡೇ ಬಂದಿವೆ. ರೋಣದ ಹುಡುಗಿಯೊಬ್ಬಳು ಬರೆದರೆ ಸದ್ಯಕ್ಕೆ ಶಾಲೆಯ ಗೋಡೆಪತ್ರಿಕೆಯೇ ಗತಿ. ಅದೇನು ಕಡಿಮೆಯಲ್ಲ. ಒಂದು ಮುಂಜಾನೆ ಮಲಪ್ರಭಾ ಕಾಲುವೆಯ ನೀರು ಹಿಂದಕ್ಕೆ ಹರಿಯತೊಡಗಿದರೆ, ಎರೆಹೊಲದಲ್ಲಿ ನಿಂತ ಅವಳ ಅಪ್ಪ ಮೊದಲು ಏನು ಮಾಡುತ್ತಾರೆ? ಅಲ್ಲಿಂದಲೇ ಶುರು ಮಾಡಬಹುದು.