ಕಪ್ಪು ಹದಿಹರೆಯದವರಿಗೆ ಶಾಲೆಯಲ್ಲೇ ಮನಸ್ಸಿನ ನೆರವು: ಚಿಕಾಗೊದಲ್ಲಿ ಹೇಗೆ ನಡೆಯುತ್ತದೆ?

ಹದಿಹರೆಯದ ಹುಡುಗ ತರಗತಿಯಲ್ಲಿ ಸಿಡುಕುತ್ತಾನೆ, ಎದುರುತ್ತರ ಕೊಡುತ್ತಾನೆ. ಅದು ಉದ್ಧಟತನವೋ, ಖಿನ್ನತೆಯೋ? ಈ ವಯಸ್ಸಿನಲ್ಲಿ ಖಿನ್ನತೆ ಎಷ್ಟೋ ಸಲ ಸಿಟ್ಟಾಗಿಯೇ ಹೊರಬರುತ್ತದೆ. ಅಮೆರಿಕದಲ್ಲಿ ಹುಡುಗ ಕಪ್ಪು ಜನಾಂಗದವನಾದರೆ ನೆರವಿಗಿಂತ ಮೊದಲು ಶಿಕ್ಷೆ ಬರುವ ಸಂಭವ ಹೆಚ್ಚು. 2017-18ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳು ಸುಮಾರು ಶೇ 15. ಅಮಾನತಾದವರಲ್ಲಿ ಅವರು ಸುಮಾರು ಶೇ 38.

ಇದನ್ನು ಸರಿಪಡಿಸಲು ಬಂದದ್ದು 'ಕಲ್ಚರಲಿ ರೆಸ್ಪಾನ್ಸಿವ್' ನೆರವು. ಅಂದರೆ ಮಗುವಿನ ಮನೆ, ಬೀದಿ, ಅದು ಉಂಡ ಜನಾಂಗಭೇದದ ನೋವು ಎಲ್ಲವನ್ನೂ ಅರಿತು ಮಾಡುವ ಆಪ್ತಸಮಾಲೋಚನೆ. ಚಿಕಾಗೊದ ಯೂತ್ ಗೈಡೆನ್ಸ್ ಸಂಸ್ಥೆ 2001ರಲ್ಲಿ ಹುಡುಗರಿಗಾಗಿ 'ಬಿಕಮಿಂಗ್ ಎ ಮ್ಯಾನ್' ಎಂಬ ಇಂಥ ಕಾರ್ಯಕ್ರಮ ಆರಂಭಿಸಿತು. ಹುಡುಗಿಯರಿಗೆ 2011ರಿಂದ 'ವರ್ಕಿಂಗ್ ಆನ್ ವುಮನ್‌ಹುಡ್' ಇದೆ.

ಹೇಗೆ ನಡೆಯುತ್ತದೆ? ವಾರಕ್ಕೊಮ್ಮೆ, ಶಾಲಾ ವೇಳೆಯಲ್ಲೇ, ಹುಡುಗರು ದುಂಡಗೆ ಕೂರುತ್ತಾರೆ. ಮೊದಲು ಒಬ್ಬೊಬ್ಬರೂ ತಮ್ಮ ಮನಸ್ಥಿತಿ ಹೇಳಿಕೊಳ್ಳುತ್ತಾರೆ. ಒಂದು ದಿನ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬನ ಮುಷ್ಟಿಯಲ್ಲಿರುವ ಚೆಂಡನ್ನು 30 ಸೆಕೆಂಡಿನಲ್ಲಿ ಪಡೆಯಲು ಇನ್ನೊಬ್ಬನಿಗೆ ಹೇಳುತ್ತಾರೆ. ಗುದ್ದಾಟ, ಎಳೆದಾಟ ಶುರು. 'ಕೊಡು' ಎಂದು ಬಾಯಿಬಿಟ್ಟು ಕೇಳುವವರೇ ಇಲ್ಲ! ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಆಮೇಲೆ ವಿಚಾರಿಸಿದರೆ, ಹೂಂ ಎನ್ನುತ್ತಾರೆ. ಯೋಚಿಸುವ ಮೊದಲೇ ಕೈ ಮುಂದಾಗುವುದನ್ನು ಹುಡುಗ ತಾನೇ ಕಂಡುಕೊಳ್ಳುತ್ತಾನೆ.

ಹಾಗಾದರೆ ಜಗಳವೇ ಬೇಡ ಎಂಬ ಉಪದೇಶವೇ? ಅಲ್ಲ. ಕೆಲವು ಬೀದಿಗಳಲ್ಲಿ ಸುಮ್ಮನೆ ಬಗ್ಗುವವನಿಗೆ ಉಳಿಗಾಲವಿಲ್ಲ ಎಂಬುದು ಸಮಾಲೋಚಕರಿಗೆ ಗೊತ್ತು. ಬೀದಿಯಲ್ಲಿ ಕಾಪಾಡುವ ಸಿಟ್ಟು ತರಗತಿಯಲ್ಲಿ ಮುಳುವಾಗುತ್ತದೆ. ಒಂದು ಕ್ಷಣ ನಿಂತು, ಈಗ ಎಲ್ಲಿದ್ದೇನೆ ಎಂದು ನೋಡುವುದನ್ನು ಕಲಿಸುತ್ತಾರೆ. ಹುಡುಗನ ಬದುಕನ್ನು ಅಲ್ಲಗಳೆಯದ ಈ ಪ್ರಾಮಾಣಿಕತೆಯೇ ಕಾರ್ಯಕ್ರಮದ ಜೀವಾಳ ಎಂದು ನನಗನ್ನಿಸುತ್ತದೆ.

ಫಲ ಇದೆಯೇ? ಚಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಭಾಗಿಯಾಗಿದ್ದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹುಡುಗರ ಕಾರ್ಯಕ್ರಮ ನಡೆಯುವಾಗ ಹಿಂಸಾ ಪ್ರಕರಣಗಳಲ್ಲಿ ಅದರಲ್ಲಿದ್ದವರ ಬಂಧನ ಶೇ 45ರಿಂದ 50ರಷ್ಟು ಇಳಿದಿತ್ತು. ಅಧ್ಯಯನದ ವೇಳೆ ತಲಾ ವೆಚ್ಚ 2,000 ಡಾಲರ್‌ಗಿಂತ ಕಡಿಮೆ. ವಿದ್ಯಾರ್ಥಿಗೆ ಶುಲ್ಕವಿಲ್ಲ.

ಇಂಥ ಗುಂಪು ಎಲ್ಲ ಶಾಲೆಗಳಲ್ಲಿ ಇಲ್ಲ. ಮೊದಲು ಶಾಲೆಯ ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರನ್ನು ಕೇಳಬೇಕು. ಅಮೆರಿಕದಲ್ಲಿರುವ ಕನ್ನಡದ ತಂದೆತಾಯಿಯರೇ, ಆ ಬಾಗಿಲು ನಿಮ್ಮ ಮಕ್ಕಳಿಗೂ ತೆರೆದಿದೆ, ಸಂಕೋಚ ಬೇಡ. ಜೀವಕ್ಕೆ ಅಪಾಯವೆನಿಸಿದರೆ ಕಾಯಬೇಡಿ: ಅಮೆರಿಕದ ಸಹಾಯವಾಣಿ 988ಕ್ಕೆ ಕರೆ ಮಾಡಿ ಇಲ್ಲವೇ ಮೆಸೇಜ್ ಕಳಿಸಿ. ಈ ಸೇವೆ ದಿನದ 24 ಗಂಟೆಯೂ ಇದೆ.