ಕಾಲೇಜಿನ ಧಾರಣೆ ಪಟ್ಟಿ ಎಲ್ಲಿ ಸಿಗುತ್ತೆ?

ಹೋದ ಜುಲೈನಲ್ಲಿ ಚಿಕ್ಕಪ್ಪ ತಿಪಟೂರು ಬಸ್ ನಿಲ್ದಾಣದ ಎದುರು ನಿಂತು ಒಂದು ಫ್ಲೆಕ್ಸ್‌ನ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್ ಮಾಡಿದರು. ಯಾವುದೋ ಎಂಜಿನಿಯರಿಂಗ್ ಕಾಲೇಜಿನದು. ಕೋಟು ಹಾಕಿಕೊಂಡ ಹುಡುಗ, ಪಕ್ಕದಲ್ಲಿ ‘ಗರಿಷ್ಠ ಪ್ಯಾಕೇಜ್ 42 ಲಕ್ಷ, ಪ್ಲೇಸ್‌ಮೆಂಟ್ ಶೇ 95’. ಹಿಂದೆಯೇ ಒಂದು ವಾಯ್ಸ್ ಮೆಸೇಜು: ‘ನೋಡಮ್ಮ, ಪಾಪುನ ಇಲ್ಲಿಗೇ ಸೇರಿಸೋಣ ಅಂತಿದೀನಿ. ಸಿಇಟಿಲಿ ಬರದಿದ್ರೆ ಮ್ಯಾನೇಜ್‌ಮೆಂಟ್ ಸೀಟಿಗೂ ಕೇಳಿದೀನಿ. ಹೆಂಗೂ ಈ ಸಲ ಕೊಬ್ಬರಿಗೆ ಒಳ್ಳೆ ರೇಟಿದೆ.’

ಪಾಪು ಎಂದರೆ ನನ್ನ ತಂಗಿ, ಚಿಕ್ಕಪ್ಪನ ಮಗಳು. ಪಿಯುಸಿ ಮುಗಿಸಿ ಆಪ್ಷನ್ ಎಂಟ್ರಿಗೆ ಕಾಯುತ್ತಿದ್ದಳು. ಮನೆಯಲ್ಲಿ ಬಿಇ ಓದುತ್ತಿರುವವಳು ನಾನೊಬ್ಬಳೇ ಆದ್ದರಿಂದ ನಾನು ಹೂಂ ಅಂದರೆ ಮುಗಿಯಿತು ಎಂಬಂತಿತ್ತು. ಎರಡು ವರ್ಷದ ಹಿಂದೆ ನಾನೂ ಇಂಥದ್ದೇ ಫ್ಲೆಕ್ಸ್ ನೋಡಿ ಸೇರಿದವಳು ಎಂಬುದು ಯಾರಿಗೂ ನೆನಪಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಒಂದು ಸಿಆರ್‌ಒ ಸುತ್ತ ಆರು ಜನ ನಿಲ್ಲುತ್ತೇವೆ. ನಾಬ್ ತಿರುಗಿಸುವವರು ಇಬ್ಬರು, ಉಳಿದ ನಾಲ್ವರು ರೀಡಿಂಗ್ ಬರೆದುಕೊಳ್ಳುವವರು. ನಾನು ಬಹುತೇಕ ಎರಡನೇ ಗುಂಪು.

ತಂಗಿಗೂ ಹಾಗಾಗಬಾರದು ಅನ್ನಿಸಿ ಹುಡುಕಲು ಕೂತೆ. ಆಗ ಸಿಕ್ಕಿದ್ದು ಎನ್‌ಐಆರ್‌ಎಫ್ ಪಿಡಿಎಫ್.

ಎನ್‌ಐಆರ್‌ಎಫ್ ಅಂದರೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್. 2015ರಲ್ಲಿ ಚಾಲನೆ ಸಿಕ್ಕಿ, 2016ರಲ್ಲಿ ಮೊದಲ ಪಟ್ಟಿ ಬಂತು. ಪಟ್ಟಿ ಬಂದ ದಿನ ನಮ್ಮ ಐಐಎಸ್‌ಸಿ ಎಷ್ಟನೇ ಸ್ಥಾನ ಎಂಬ ಸುದ್ದಿ ಓದಿ ನಾವು ಪುಟ ತಿರುಗಿಸುತ್ತೇವೆ. ಆದರೆ ರ‍್ಯಾಂಕ್ ಪಡೆಯಲು ಪ್ರತಿ ಕಾಲೇಜೂ ಒಂದೇ ನಮೂನೆಯ ಅರ್ಜಿ ತುಂಬಬೇಕು, ತುಂಬಿದ್ದನ್ನು ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ರ‍್ಯಾಂಕ್ ಬರಲಿ, ಬಿಡಲಿ, ಆ ಹಾಳೆಗಳು ಅಲ್ಲಿರುತ್ತವೆ. ಹೋಮ್‌ಪೇಜಿನಲ್ಲಿ ಓಡಾಡುವ ಬ್ಯಾನರ್‌ಗಳನ್ನೆಲ್ಲ ದಾಟಿ ತೀರಾ ಕೆಳಗೆ ಹೋದರೆ, ಸಣ್ಣ ಅಕ್ಷರದಲ್ಲಿ.

ಅದರಲ್ಲಿ ನನ್ನ ಕಣ್ಣು ನಿಂತಿದ್ದು ಪ್ಲೇಸ್‌ಮೆಂಟ್ ಕೋಷ್ಟಕದ ಮೇಲೆ. ಒಂದು ಬ್ಯಾಚಿಗೆ ಒಂದು ಸಾಲು. ಮಂಜೂರಾದ ಸೀಟು ಎಷ್ಟು, ಸೇರಿದವರು ಎಷ್ಟು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರು ಎಷ್ಟು, ನಾಲ್ಕೇ ವರ್ಷದಲ್ಲಿ ಪಾಸಾಗಿ ಹೊರಬಿದ್ದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಮುಂದೆ ಓದಲು ಹೋದವರು ಎಷ್ಟು. ಜೊತೆಗೆ ಕೆಲಸ ಸಿಕ್ಕವರ ಸಂಬಳದ ಮೀಡಿಯನ್.

ಮೀಡಿಯನ್ ಅಂದರೆ ಏನು ಎಂದು ಚಿಕ್ಕಪ್ಪನಿಗೆ ಹೇಳುವುದು ಹೇಗೆ ಎಂದು ಯೋಚಿಸಿದೆ. ಅವರೇ ದಾರಿ ತೋರಿಸಿದರು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ಅವರು ತಪ್ಪದೆ ನೋಡುತ್ತಾರೆ. ಅದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ. ‘ಗರಿಷ್ಠ ನೋಡಿ ಖುಷಿ ಪಡಬಾರ್ದು ಕಣಮ್ಮ, ಅದು ಯಾವನೋ ಒಬ್ಬನ ಲಾಟಿಗೆ ಸಿಕ್ಕಿರುತ್ತೆ. ನಮಗೆ ಸಿಗೋದು ಮಾದರಿ ಬೆಲೆ’ ಎಂದು ನನಗೇ ಪಾಠ ಮಾಡಿದವರು ಅವರು. ಫ್ಲೆಕ್ಸಿನ 42 ಲಕ್ಷ ಆ ಯಾವನೋ ಒಬ್ಬನ ಲಾಟು. (ಮಾದರಿ ಬೆಲೆಯೂ ಮೀಡಿಯನ್ನೂ ಒಂದೇ ಅಲ್ಲ ಎಂದು ನಮ್ಮ ಗಣಿತದ ಮೇಷ್ಟ್ರು ಕಿವಿ ಹಿಂಡಬಹುದು. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಮೂರೂವರೆ ಲಕ್ಷ, ಒಬ್ಬನಿಗೆ 40 ಲಕ್ಷ ಸಿಕ್ಕರೆ ಸರಾಸರಿ ಏಳು ಲಕ್ಷ ದಾಟುತ್ತದೆ, ಮೀಡಿಯನ್ ಮೂರೂವರೆಯಲ್ಲೇ ನಿಲ್ಲುತ್ತದೆ. ಚಿಕ್ಕಪ್ಪನಿಗೆ ಇಷ್ಟು ಸಾಕಾಯಿತು.)

ಶೇ 95ರ ಕಥೆ ಇನ್ನೂ ಸೊಗಸು. ಅದು ಯಾರಲ್ಲಿ ಶೇ 95? ಫ್ಲೆಕ್ಸಿನ ಮೂಲೆಯಲ್ಲಿ ‘ಅರ್ಹ ವಿದ್ಯಾರ್ಥಿಗಳಲ್ಲಿ’ ಎಂದಿತ್ತು. ಬ್ಯಾಕ್ ಇರುವವರು ಅರ್ಹರಲ್ಲ. ಮೂರನೇ ಸೆಮಿಸ್ಟರಿನ ಗಣಿತ ನನಗಿನ್ನೂ ಬಾಕಿ ಇದೆ. ಅಂದರೆ ನಾಳೆ ನಮ್ಮ ಕಾಲೇಜು ಹಾಕುವ ಶೇಕಡಾವಾರಿನಲ್ಲಿ ನಾನು ಕೆಲಸ ಸಿಗದವಳೂ ಅಲ್ಲ, ಲೆಕ್ಕಕ್ಕೇ ಇಲ್ಲದವಳು. ಪಿಡಿಎಫ್‌ನಲ್ಲಿ ಹಾಗಲ್ಲ. ಸೇರಿದವರ ಸಂಖ್ಯೆ ಒಂದು ಕಡೆ, ಸಮಯಕ್ಕೆ ಮುಗಿಸಿದವರ ಸಂಖ್ಯೆ ಇನ್ನೊಂದು ಕಡೆ ಇರುತ್ತದೆ. ಕಳೆದರೆ ನನ್ನಂಥವರು ಎಷ್ಟು ಎಂದು ಗೊತ್ತಾಗುತ್ತದೆ.

ಆದರೆ ಒಂದೇ ಕಾಲೇಜಿನ ಹಾಳೆ ಓದಿದರೆ ಏನೂ ತಿಳಿಯುವುದಿಲ್ಲ. ಅರ್ಧ ಮಂದಿ ಮಾತ್ರ ಸಮಯಕ್ಕೆ ಮುಗಿಸಿದ್ದಾರೆ ಎಂದರೆ ಅದು ಕೆಟ್ಟದ್ದೋ ಸಾಮಾನ್ಯವೋ? ಅಂಥದ್ದೇ ಇನ್ನೊಂದು ಕಾಲೇಜು ಬೇಕು ಪಕ್ಕಕ್ಕಿಡಲು. ಐಐಎಸ್‌ಸಿ ಪಕ್ಕದಲ್ಲೋ ಸುರತ್ಕಲ್ ಎನ್‌ಐಟಿ ಪಕ್ಕದಲ್ಲೋ ಇಟ್ಟು ಪ್ರಯೋಜನವಿಲ್ಲ. ವಿಟಿಯು ಅಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಒಂದೇ ಪಠ್ಯಕ್ರಮ, ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ. ಹೋಲಿಸಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಹಾಗಾಗಿ ತಂಗಿಗೆ ಬರಬಹುದಾದ ರ‍್ಯಾಂಕಿಗೆ ಹಿಂದಿನ ವರ್ಷ ಸೀಟು ಸಿಕ್ಕ ನಾಲ್ಕು ಕಾಲೇಜು ಆರಿಸಿ, ಒಂದು ಎಕ್ಸೆಲ್ ಹಾಳೆಯಲ್ಲಿ ಅಕ್ಕಪಕ್ಕ ತುಂಬಿದೆವು. ಒಂದು ರಾತ್ರಿ ಹಿಡಿಯಿತು. ಚಿಕ್ಕಪ್ಪನ ಫ್ಲೆಕ್ಸ್ ಕಾಲೇಜು ಮೀಡಿಯನ್ ಸಂಬಳದಲ್ಲಿ ಉಳಿದ ಮೂರಕ್ಕಿಂತ ಮೇಲೇನೂ ಇರಲಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಖರ್ಚಿನ ಕೋಷ್ಟಕ. ಲ್ಯಾಬಿನ ಹೊಸ ಉಪಕರಣಗಳಿಗೆ, ಗ್ರಂಥಾಲಯಕ್ಕೆ ಎಷ್ಟು ಖರ್ಚಾಯಿತು ಎಂದು ಅಲ್ಲಿ ಬರೆಯಬೇಕು. ಕಟ್ಟಡದ ಖರ್ಚು ಅದರಲ್ಲಿ ಸೇರುವುದಿಲ್ಲ, ಅಂದರೆ ಕಮಾನು, ಕಾರಂಜಿ ಯಾವುದೂ ಇಲ್ಲ. ಆ ಮೊತ್ತವನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿದೆವು. ಫ್ಲೆಕ್ಸೇ ಹಾಕದ ಒಂದು ಹಳೆಯ ಕಾಲೇಜು ಎಲ್ಲರಿಗಿಂತ ಮುಂದಿತ್ತು. ಕುತೂಹಲಕ್ಕೆ ನನ್ನ ಕಾಲೇಜನ್ನೂ ಐದನೆಯದಾಗಿ ಸೇರಿಸಿದೆ. ಸಿಆರ್‌ಒಗೆ ಆರು ಜನ ಯಾಕೆ ಎಂದು ಅರ್ಥವಾಯಿತು.

ಈ ಹಾಳೆಗಳನ್ನು ಕಣ್ಣುಮುಚ್ಚಿ ನಂಬಿ ಎನ್ನುತ್ತಿಲ್ಲ. ಬಹುಪಾಲು ಅಂಕಿಗಳನ್ನು ಕೊಡುವುದು ಕಾಲೇಜುಗಳೇ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ಹೆಸರಾಂತ ರ‍್ಯಾಂಕಿಂಗಿನಲ್ಲಿ 2ನೇ ಸ್ಥಾನದಲ್ಲಿತ್ತು. 2022ರಲ್ಲಿ ಅದರದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡ್ಡಿಯಸ್, ತರಗತಿಗಳ ಗಾತ್ರದ ಬಗ್ಗೆ ವಿಶ್ವವಿದ್ಯಾಲಯ ಕೊಟ್ಟ ಅಂಕಿಗೂ ಎಲ್ಲರೂ ನೋಡಬಹುದಾದ ತರಗತಿ ಪಟ್ಟಿಗೂ ತಾಳೆಯಾಗುವುದಿಲ್ಲ ಎಂದು ತೋರಿಸಿದರು. ಕೆಲವೇ ತಿಂಗಳಲ್ಲಿ ಅದು 18ಕ್ಕೆ ಇಳಿಯಿತು. ಅಲ್ಲಿ ಎಷ್ಟೋ ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಎಂಬ ಒಂದೇ ಪ್ರಶ್ನಾವಳಿಗೆ ಉತ್ತರ ತುಂಬಿ ಬಹಿರಂಗಪಡಿಸುತ್ತವೆ. ಕೊಲಂಬಿಯಾ ಅದನ್ನು ಪ್ರಕಟಿಸುತ್ತಿರಲಿಲ್ಲ, ಈ ಗಲಾಟೆಯ ನಂತರ ಪ್ರಕಟಿಸಿತು. ಅಂಕಿ ಹೊರಗೆ ಇದ್ದರಷ್ಟೇ ಯಾರೋ ಒಬ್ಬರು ಕೂಡಿ ಕಳೆದು ನೋಡಲು ಸಾಧ್ಯ.

ನಮ್ಮ ಪಿಡಿಎಫ್‌ಗೂ ಒಂದು ದೊಡ್ಡ ಕೊರತೆ ಇದೆ. ಪ್ಲೇಸ್‌ಮೆಂಟ್ ಲೆಕ್ಕ ಬ್ರಾಂಚ್‌ವಾರು ಇಲ್ಲ, ನಾಲ್ಕು ವರ್ಷದ ಪದವಿಗೆಲ್ಲ ಸೇರಿಸಿ ಒಂದೇ ಸಾಲು. ಕಂಪ್ಯೂಟರ್ ಸೈನ್ಸಿನವರೂ ಸಿವಿಲ್‌ನವರೂ ಒಂದೇ ಮೂಟೆಯಲ್ಲಿ. ಸಿವಿಲ್ ಕೇಳುತ್ತಿದ್ದ ನನ್ನ ತಂಗಿಗೆ ಬೇಕಿದ್ದ ಅಂಕಿ ಅದೊಂದೇ, ಅದೇ ಸಿಗಲಿಲ್ಲ. ವಿಭಾಗಗಳಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ. ಅದನ್ನೂ ಇದೇ ನಮೂನೆಯಲ್ಲಿ ಹೊರಗಿಡಲು ಏನು ಅಡ್ಡಿ?

ರಜೆ ಮುಗಿಸಿ ಬಂದವಳು ನಮ್ಮ ಮೇಡಂ ಒಬ್ಬರನ್ನು ಕೇಳಿದೆ, ಪಕ್ಕದ ಕಾಲೇಜಿನ ಹಾಳೆಯನ್ನು ನಮ್ಮವರು ತೆಗೆದು ನೋಡುತ್ತಾರೆಯೇ ಎಂದು. ‘ನಮ್ಮದನ್ನ ತುಂಬೋದಕ್ಕೇ ಟೈಮ್ ಸಾಲಲ್ಲ ಕಣೆ’ ಅಂದರು. ಅದೂ ನಿಜವೇ. ಹಾಳೆ ತುಂಬುವ ಹೊತ್ತಿಗೆ ಅವರು ರಾತ್ರಿ ಎಂಟಕ್ಕೂ ಕಾಲೇಜಿನಲ್ಲಿರುವುದನ್ನು ಹಾಸ್ಟೆಲ್ ಕಿಟಕಿಯಿಂದ ನೋಡಿದ್ದೇನೆ. ನನ್ನ ಐದು ಕಾಲೇಜಿನ ಹಾಳೆಯನ್ನು ತೋರಿಸಿದಾಗ ಮೇಡಂ ಲ್ಯಾಬ್ ಖರ್ಚಿನ ಸಾಲಿನ ಮೇಲೆ ಬೆರಳಿಟ್ಟು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ‘ಇದನ್ನ ನನಗೆ ಮೇಲ್ ಮಾಡು’ ಅಂದರು. ಮಾಡಿದ್ದೇನೆ.

ತಂಗಿ ಆ ಫ್ಲೆಕ್ಸ್ ಹಾಕದ ಕಾಲೇಜನ್ನು ಮೊದಲ ಆಯ್ಕೆಯಾಗಿ ಹಾಕಿದಳು, ಎರಡನೇ ಸುತ್ತಿನಲ್ಲಿ ಸಿಕ್ಕಿತು. ಸಿಇಟಿ ಸೀಟು, ಸಿವಿಲ್. ಮ್ಯಾನೇಜ್‌ಮೆಂಟ್ ಸೀಟಿಗೆಂದು ಎತ್ತಿಟ್ಟಿದ್ದ ಕೊಬ್ಬರಿ ದುಡ್ಡು ಬೋರ್‌ವೆಲ್ ಮೋಟರಿಗೆ ಹೋಯಿತಂತೆ. ಮೊನ್ನೆ ಊರಿನ ಇನ್ನೊಬ್ಬರು ಮಗನನ್ನು ಎಲ್ಲಿಗೆ ಸೇರಿಸಲಿ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ನನ್ನ ನಂಬರ್ ಕೊಟ್ಟಿದ್ದಾರೆ. ‘ನಮ್ಮ ಹುಡುಗಿ ಕಾಲೇಜಿನ ಮಾದರಿ ಬೆಲೆ ತೆಗೆದುಕೊಡ್ತಾಳೆ’ ಎಂದು ಹೇಳಿದ್ದಾರಂತೆ.