ತಾಯಿಯ ಉತ್ತರ, ಮಗುವಿನ ಶೇಕಡಾವಾರು

ಪ್ರಶ್ನೆ ಚಿಕ್ಕದು. "ತಾನಾ ಸಾಪ್ಪಿಡುವಾನಾ?" ತಾನೇ ಊಟ ಮಾಡುತ್ತಾನಾ ಎಂದು ಮನಶ್ಶಾಸ್ತ್ರಜ್ಞರು ತಮಿಳಿನಲ್ಲಿ ಕೇಳುತ್ತಾರೆ. ತಾಯಿ ಹೌದೆನ್ನುತ್ತಾಳೆ. ಅದು ಸುಳ್ಳಲ್ಲ. ಆದರೆ ಅನ್ನ ಕಲಸಿದವಳು ಆಕೆ, ತುತ್ತು ಕಟ್ಟಿ ತಟ್ಟೆಯ ಅಂಚಿಗಿಟ್ಟವಳು ಆಕೆ, ಮಗ ಎದ್ದು ಓಡದ ಹಾಗೆ ಪಕ್ಕದಲ್ಲಿ ಕೂತವಳೂ ಆಕೆಯೇ. ಇದನ್ನೆಲ್ಲ ಆಕೆ ಕೆಲಸವೆಂದು ಎಣಿಸಿಯೇ ಇಲ್ಲ, ಹಾಗಾಗಿ ಹೇಳುವುದೂ ಇಲ್ಲ. ಆ ಒಂದು "ಹೌದು" ಅಂಕವಾಗುತ್ತದೆ, ಅಂಕ ಶೇಕಡಾವಾರು ಆಗುತ್ತದೆ, ಶೇಕಡಾವಾರಿನ ಮೇಲೆ ತಿಂಗಳ ಹಣ ನಿಂತಿರುತ್ತದೆ.

ಹನುಮಂತನಪಟ್ಟಿ ತೇನಿ ಜಿಲ್ಲೆಯ ಉತ್ತಮಪಾಳ್ಯಂ ತಾಲ್ಲೂಕಿನ ಪಟ್ಟಣ ಪಂಚಾಯಿತಿ. ಸುತ್ತಲೂ ಕಂಬಂ ಕಣಿವೆಯ ಗದ್ದೆ ತೋಟಗಳು. ಈ ಕಣಿವೆಯ ಒಕ್ಕಲಿಗ ಕಾಪಿಲಿಯರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದಿದೆ. ಅದು ಒಲೆಯ ಮುಂದಿನ, ಜಗಲಿಯ ಕನ್ನಡ. ಓದು ಬರಹ, ಆಸ್ಪತ್ರೆ, ಕಚೇರಿಯೆಲ್ಲ ತಮಿಳು. ಅಂಥ ಮನೆಯಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಮಗುವೊಂದಿದ್ದರೆ ಪ್ರಮಾಣಪತ್ರದ ಪರೀಕ್ಷೆಗೆ ಹೇಗೆ ತಯಾರಾಗಬೇಕು ಎಂಬುದೇ ಈ ಅಧ್ಯಾಯದ ವಿಷಯ. ನಿಯಮಗಳು ಈಚೆಗೆ ಬದಲಾಗಿರುವುದರಿಂದ ಹಳೆಯ ಪ್ರಮಾಣಪತ್ರ ಇಟ್ಟುಕೊಂಡವರೂ ಇದನ್ನು ಓದಬೇಕು.

ಮೊದಲು ಹಣದ ಮಾತು. ತಮಿಳುನಾಡಿನ ಮಾಟ್ರುತ್ತಿರನಾಳಿಗಳ (ಅಂಗವಿಕಲರ) ಕಲ್ಯಾಣ ಇಲಾಖೆ ಬುದ್ಧಿಮಾಂದ್ಯರಿಗೂ ತೀವ್ರ ಅಂಗವೈಕಲ್ಯ ಉಳ್ಳವರಿಗೂ ಕೊಡುವ ನಿರ್ವಹಣಾ ಭತ್ಯೆ 2023ರ ಜನವರಿಯಿಂದ ತಿಂಗಳಿಗೆ 2,000 ರೂಪಾಯಿ. ಬುದ್ಧಿಮಾಂದ್ಯರಿಗೆ ಇದಕ್ಕೆ ಶೇ. 40 ಸಾಕು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇ. 80 ಬೇಕು, ಜೊತೆಗೆ ಬಡತನದ ರೇಖೆಯ ಕೆಳಗಿರಬೇಕು. ಅದರಲ್ಲಿ ಕೇಂದ್ರದ ಪಾಲು ಬರೀ 300 ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದೊಡ್ಡ ಗೆರೆ ಎಳೆದಿರುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಗೆರೆ ಇದೆ, ಅದನ್ನು ದಾಟಿಯೇ ಹೋಗಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಬೆಳೆಯಿತು. ಅಳೆಯುವ ಮಾರ್ಗಸೂಚಿ 2018ರಲ್ಲಿ ಬಂತು, 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರ್ಜಿಯ ನಿಯಮಗಳೂ ಬದಲಾದವು. ಈಗ ಅರ್ಜಿ ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಜಾಲತಾಣದ ಮೂಲಕವೇ ಹೋಗಬೇಕು. ಪ್ರಮಾಣಪತ್ರ ಕೊಡಲು ಮೊದಲಿದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಗಿದೆ. ಅರ್ಜಿದಾರರು ಬೆನ್ನುಹತ್ತದೆ ಎರಡು ವರ್ಷ ಕಳೆದರೆ ಅರ್ಜಿ ನಿಷ್ಕ್ರಿಯವಾಗಿ, ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ. ಯುಡಿಐಡಿ ಕಾರ್ಡಿಗೆ ಮೂರು ಬಣ್ಣ: ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ.

ಆ ಬಣ್ಣ ನಿರ್ಧಾರವಾಗುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಬುದ್ಧಿಮಾಂದ್ಯಕ್ಕೆ ಬಳಸುವ ಅಳತೆಗೋಲು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕ. ಅದನ್ನು ಭಾರತಕ್ಕೆ ಹೊಂದಿಸಿದವರು ನಾಗಪುರದ ಎ. ಜೆ. ಮಾಲಿನ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ 1992ರಲ್ಲಿ ಅದಕ್ಕೆ ಇಲ್ಲಿನ ಮಾನದಂಡಗಳನ್ನು ಕಟ್ಟಿಕೊಟ್ಟರು. ಮಾಲಿನ್ ಅವರ ಮಾಪಕದಲ್ಲಿ 89 ಅಂಶಗಳಿವೆ: ಉಣ್ಣುವುದು, ಬಟ್ಟೆ ತೊಡುವುದು, ಓಡಾಡುವುದು, ಮಾತು, ಜನರೊಡನೆ ಬೆರೆಯುವುದು ಹೀಗೆ. ಮುಖ್ಯವಾದ ಸಂಗತಿ ಏನೆಂದರೆ, ಇದರ ಬಹುಪಾಲು ಉತ್ತರ ಬರುವುದು ಮಗುವನ್ನು ಸಾಕುವವರ ಬಾಯಿಂದ. ರಕ್ತಪರೀಕ್ಷೆಯ ಹಾಗೆ ಯಂತ್ರ ಹೇಳುವ ಸಂಖ್ಯೆ ಇದಲ್ಲ.

2018ರ ಕೋಷ್ಟಕದ ಪ್ರಕಾರ ಮಾಪಕದ ಅಂಕ 70ರಿಂದ 84 ಇದ್ದರೆ ವೈಕಲ್ಯ ಶೇ. 25, 55ರಿಂದ 69ಕ್ಕೆ ಶೇ. 50; 36ರಿಂದ 54ಕ್ಕೆ ಶೇ. 75, 21ರಿಂದ 35ಕ್ಕೆ ಶೇ. 90, ಅದಕ್ಕೂ ಕೆಳಗೆ ಶೇ. 100. ಅಂಕ 69 ಬಂದ ಮಗುವಿಗೆ ಭತ್ಯೆ ಕೇಳುವ ಅರ್ಹತೆ ಇದೆ, 70 ಬಂದ ಮಗುವಿಗೆ ಇಲ್ಲ. 35 ಬಂದರೆ ನೀಲಿ ಕಾರ್ಡು, 36 ಬಂದರೆ ಹಳದಿ. ನಡುವೆ ಇರುವುದು ಒಂದೇ ಅಂಕ. ತುತ್ತು ಕಟ್ಟಿಕೊಟ್ಟ ವಿಷಯ ಹೇಳದೆ ಹೋದ ತಾಯಿಯನ್ನು ಈಗ ಮತ್ತೆ ನೆನೆದುಕೊಳ್ಳಿ.

ಎರಡು ಬಗೆಯ ವೈಕಲ್ಯ ಇದ್ದವರು ಶೇಕಡಾವಾರುಗಳನ್ನು ಸುಮ್ಮನೆ ಕೂಡಿಸಬಾರದು. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸುತ್ತಾರೆ. 40 ಮತ್ತು 30 ಸೇರಿದರೆ 70 ಆಗುವುದಿಲ್ಲ, ಸುಮಾರು 57 ಆಗುತ್ತದೆ.

ಒಮ್ಮೆ ಪರೀಕ್ಷೆಯಾದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಅದೇ 2018ರ ಮಾರ್ಗಸೂಚಿಯಂತೆ ಮಗುವಿನ ಪ್ರಮಾಣಪತ್ರವನ್ನು 5, 10 ಮತ್ತು 18ನೆಯ ವಯಸ್ಸಿನಲ್ಲಿ ನವೀಕರಿಸಬೇಕು; 18ರದ್ದು ಜೀವನಪೂರ್ತಿಗೆ. ಹಾಗಾಗಿ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಒಂದು ವಾರ, ಬೆಳಗಿನಿಂದ ರಾತ್ರಿಯವರೆಗೆ ನಡೆದದ್ದನ್ನು ಬರೆದಿಡಿ. ಬರೆಯುವಾಗ ಮೂರನ್ನು ಬೇರೆ ಮಾಡಿ: ಮಗು ಯಾರೂ ಹೇಳದೆ ಮಾಡಿದ್ದು, ಹೇಳಿದ ಮೇಲೆ ಮಾಡಿದ್ದು, ಕೈಹಿಡಿದು ಮಾಡಿಸಿದ್ದು. ಗುಂಡಿ ಹಾಕಿಕೊಂಡ ಅಂತಷ್ಟೇ ಬರೆದರೆ ಸಾಲದು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಹೇಳಬೇಕಾಯಿತು ಎಂಬುದೂ ಇರಲಿ. ಹೆಚ್ಚು ಮಾಡಿ ಬರೆಯುವುದು ಬೇಡ. ಮಗುವಿಗೆ ಬರುವುದನ್ನು ಬರುವುದಿಲ್ಲ ಎಂದರೆ ಆ ಮಗುವಿಗೇ ಅನ್ಯಾಯ.

ಪರೀಕ್ಷೆಯ ಅಂಕಕ್ಕೆ ನಿಜವಾದ ಬದುಕು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಬಡ ಊರಿನದು ಮಾತ್ರವಲ್ಲ. ಮೆಲ್ಬರ್ನ್, ಸಿಡ್ನಿಯ ಕನ್ನಡ ಕುಟುಂಬಗಳಿಗೂ ಪರಿಚಿತವಾದ ಆಸ್ಟ್ರೇಲಿಯದ ರಾಷ್ಟ್ರೀಯ ಅಂಗವೈಕಲ್ಯ ವಿಮೆ ಯೋಜನೆಯಲ್ಲಿ, ಹೊರಗಿನ ಪರೀಕ್ಷಕರು ಬಂದು ಅಳೆಯುವ ಪ್ರಸ್ತಾಪವೊಂದು 2020ರಲ್ಲಿ ಬಂದಿತ್ತು. ಅಪರಿಚಿತರು ಕೆಲವೇ ಗಂಟೆಗಳಲ್ಲಿ ನಮ್ಮ ಬದುಕನ್ನು ಹೇಗೆ ತಿಳಿದಾರು ಎಂದು ಅಂಗವಿಕಲರೇ ಎದ್ದು ನಿಂತರು. 2021ರ ಜುಲೈಯಲ್ಲಿ ಅದನ್ನು ಕೈಬಿಡಲಾಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ, ವೈದ್ಯಕೀಯ ಸೀಟು ಕೇಳಿದ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ, ಬರೀ ಶೇಕಡಾವಾರು ನೋಡಿ ಬಾಗಿಲು ಮುಚ್ಚುವಂತಿಲ್ಲ, ಆತ ಏನು ಮಾಡಬಲ್ಲ ಎಂಬುದನ್ನು ಮಂಡಳಿ ನೋಡಬೇಕು ಎಂದಿತು.

ಪ್ರಮಾಣಪತ್ರದಲ್ಲಿ ಬರೆದದ್ದು ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೆಯ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಆಗಲೂ ನೋಟ್‌ಬುಕ್ಕೇ ಆಧಾರ.

ಪರೀಕ್ಷೆಯ ದಿನ ಮಗುವಿನ ಜೊತೆ ಹೆಚ್ಚು ಹೊತ್ತು ಕಳೆಯುವವರು ಹೋಗಬೇಕು. ಅದು ಅಜ್ಜಿಯಾಗಿದ್ದರೆ ಅಜ್ಜಿಯೇ. ಮನೆಯಲ್ಲಿ ಕನ್ನಡವೆಂದು ಮೊದಲೇ ಹೇಳಿ. ತಮಿಳಿನ ಪ್ರಶ್ನೆಗೆ ಮಗು ಸುಮ್ಮನಿದ್ದರೆ ತಿಳಿಯಲಿಲ್ಲವೋ, ಆ ಭಾಷೆ ಹತ್ತಲಿಲ್ಲವೋ ಎಂದು ನೋಡಬೇಕಾದದ್ದು ಪರೀಕ್ಷಕರ ಕೆಲಸ. ಅದನ್ನು ನೆನಪಿಸುವುದು ಮನೆಯವರ ಕೆಲಸ. ನೋಟ್‌ಬುಕ್ಕನ್ನು ತಮಿಳಿನಲ್ಲೇ ಬರೆಯಿರಿ, ವೈದ್ಯರು ಓದಬೇಕಲ್ಲ. ಮಗು ನೀರು ಕೇಳುವ ಮಾತು, ನೋವೆನ್ನುವ ಮಾತು, ಅಮ್ಮನನ್ನು ಕರೆಯುವ ಮಾತು ಮಾತ್ರ ಅದು ಆಡುವ ಕನ್ನಡದಲ್ಲೇ ತಮಿಳು ಅಕ್ಷರಗಳಲ್ಲಿರಲಿ, ಪಕ್ಕದಲ್ಲಿ ಅರ್ಥ ಇರಲಿ.